1.09 ಅನ್ನು 1 ಎಂದು ಬರೆದ ದಿನ

ನನ್ನ ಬೋಧನಾಭ್ಯಾಸದ ದಾಖಲೆ ಪುಸ್ತಕದಲ್ಲಿ ಹನ್ನೊಂದನೆಯ ಪಾಠದ ಎದುರು ಮೂರು ಸಾಲಿನ ಷರಾ ಇದೆ. ಪೀಠಿಕೆ ಸ್ಥಳೀಯ ಉದಾಹರಣೆಯಿಂದ ಆರಂಭವಾಗಿದೆ. ಕಪ್ಪುಹಲಗೆಯ ಬಳಕೆ ಅಚ್ಚುಕಟ್ಟಾಗಿದೆ. ವಿದ್ಯಾರ್ಥಿಗಳ ಭಾಗವಹಿಸುವಿಕೆ ಉತ್ತಮ. ಮೂರು ಮಾತೂ ನಿಜ. ಆದರೆ ಆ ದಿನ ನಾನು ಮಕ್ಕಳಿಗೆ ಒಂದು ಲೆಕ್ಕವನ್ನು ತಪ್ಪಾಗಿ ಕಲಿಸಿದೆ. ಸರಿಯಾಗಿ ಮಾಡುತ್ತಿದ್ದ ಒಬ್ಬ ಹುಡುಗಿಯ ಲೆಕ್ಕವನ್ನು ಅವಳ ಕೈಯಿಂದಲೇ ಅಳಿಸಿಸಿದೆ. ಇವೆರಡೂ ಷರಾದಲ್ಲಿಲ್ಲ. ಮುಂದಿನ ತಂಡದವರಿಗೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಮದ್ದೂರಿನಲ್ಲಿ, ಬಿ.ಇಡಿ. ಓದುತ್ತಿರುವುದು ಮಂಡ್ಯದಲ್ಲಿ, ಬೋಧನಾಭ್ಯಾಸಕ್ಕೆ ಹಂಚಿಕೆಯಾದದ್ದು ಮಳವಳ್ಳಿಯ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗಕ್ಕೆ. ನನಗೆ ಕೊಟ್ಟದ್ದು ಎಂಟು ಮತ್ತು ಒಂಬತ್ತನೆಯ ತರಗತಿ. ಒಂದು ವಾರ ಪಿಯು ವಿಭಾಗದ ರಸಾಯನಶಾಸ್ತ್ರದ ಉಪನ್ಯಾಸಕರು ತರಬೇತಿಗೆ ಹೋಗಿದ್ದರು. ಪ್ರಾಂಶುಪಾಲರು ನನ್ನನ್ನು ಕರೆದು, "ನೀವು ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದ್ದೀರಲ್ಲಮ್ಮ, ಪ್ರಥಮ ಪಿಯುಸಿಗೆ ಮೋಲ್ ಲೆಕ್ಕ ಎರಡು ದಿನ ಮಾಡಿಸಿಬಿಡಿ" ಎಂದರು. ನನಗೆ ಖುಷಿಯೇ ಆಯಿತು. ನಮ್ಮ ಮಾರ್ಗದರ್ಶಕ ಉಪನ್ಯಾಸಕಿಯವರೂ ಅದೇ ದಿನ ವೀಕ್ಷಣೆಗೆ ಬರುವುದಾಗಿ ತಿಳಿಸಿದರು. ಖುಷಿಯ ಜೊತೆ ಸ್ವಲ್ಪ ಭಯವೂ ಸೇರಿತು.

ಪಾಠದ ವಿಷಯ ಇದು: ಒಂದು ವಸ್ತುವಿನಲ್ಲಿ ಯಾವ ಧಾತು ಶೇಕಡಾ ಎಷ್ಟಿದೆ ಎಂದು ತಿಳಿದರೆ ಅದರ ಸೂತ್ರವನ್ನು ಕಂಡುಹಿಡಿಯುವುದು ಹೇಗೆ? ಮೊದಲು ಬರುವುದು ಎಂಪಿರಿಕಲ್ ಸೂತ್ರ, ಅಂದರೆ ಪರಮಾಣುಗಳ ಅತಿ ಸರಳ ಅನುಪಾತ. ಆಮೇಲೆ ಅಣುರಾಶಿಯ ಸಹಾಯದಿಂದ ಅಣುಸೂತ್ರ. ಈ ಮಕ್ಕಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಇಂಗ್ಲಿಷ್ ಪುಸ್ತಕದ ಎದುರು ಕುಳಿತವರು. ಆದ್ದರಿಂದ ಮಾತೆಲ್ಲ ಕನ್ನಡದಲ್ಲಿ, ಹಲಗೆಯ ಮೇಲಿನ ಪಾರಿಭಾಷಿಕ ಪದಗಳು ಮಾತ್ರ ಪುಸ್ತಕದಲ್ಲಿರುವಂತೆ ಎಂದು ಯೋಜನೆ ಹಾಕಿಕೊಂಡೆ.

ಪೀಠಿಕೆಗೆ ಯೂರಿಯಾ ಚೀಲ ತೆಗೆದುಕೊಂಡೆ. "ನಿಮ್ಮ ಮನೇಲಿ ಯೂರಿಯಾ ಚೀಲ ನೋಡಿದ್ದೀರಾ? ಅದರ ಮೇಲೆ ಯಾವ ಸಂಖ್ಯೆ ಇರುತ್ತೆ?" ಹಿಂದಿನ ಬೆಂಚಿನಿಂದ ತಕ್ಷಣ ಉತ್ತರ ಬಂತು. "ನಲವತ್ತಾರು ಮೇಡಂ. ನೈಟ್ರೋಜನ್ ನಲವತ್ತಾರು ಪರ್ಸೆಂಟು." 45 ಕೆಜಿಯ ಒಂದು ಚೀಲದಲ್ಲಿ ನೈಟ್ರೋಜನ್ ಎಷ್ಟು ಎಂದು ಕೇಳಿದೆ. 20.7 ಕೆಜಿ ಎಂದು ಅವರೇ ಲೆಕ್ಕ ಹಾಕಿದರು. ಹಾಗಾದರೆ ಯೂರಿಯಾದ ಒಂದು ಅಣುವಿನಲ್ಲಿ ನೈಟ್ರೋಜನ್ ಪರಮಾಣು ಎಷ್ಟು? ಇಲ್ಲಿ ತರಗತಿ ಮೌನವಾಯಿತು. ನನಗೆ ಬೇಕಾಗಿದ್ದೂ ಅದೇ. ಶೇಕಡಾ ಹೇಳುವುದು ತೂಕದ ಪಾಲನ್ನು, ಸೂತ್ರ ಹೇಳುವುದು ಎಣಿಕೆಯನ್ನು. ತೂಕದಿಂದ ಎಣಿಕೆಗೆ ಹೋಗುವ ದಾರಿಯೇ ಮೋಲ್.

ಮೋಲ್ ಅನ್ನು ಹೀಗೆ ವಿವರಿಸಿದೆ. ಒಂದು ಚೀಲದಲ್ಲಿ 6 ಕೆಜಿ ತೆಂಗಿನಕಾಯಿ, ಇನ್ನೊಂದರಲ್ಲಿ 1 ಕೆಜಿ ನಿಂಬೆಹಣ್ಣು ಇವೆ ಎಂದುಕೊಳ್ಳಿ. ಒಂದು ಕಾಯಿ ಅರ್ಧ ಕೆಜಿ, ಒಂದು ನಿಂಬೆಹಣ್ಣು 50 ಗ್ರಾಂ. ಚೀಲ ಬಿಚ್ಚದೆ ಎಣಿಕೆ ಹೇಳಬಹುದೇ? ಹೇಳಬಹುದು. ಒಟ್ಟು ತೂಕವನ್ನು ಒಂದರ ತೂಕದಿಂದ ಭಾಗಿಸಿದರೆ ಆಯಿತು. ಕಾಯಿ 12, ನಿಂಬೆಹಣ್ಣು 20. ತೂಕದಲ್ಲಿ ಕಾಯಿ ಆರು ಪಾಲು, ಎಣಿಕೆಯಲ್ಲಿ ನಿಂಬೆಹಣ್ಣೇ ಹೆಚ್ಚು. ಪರಮಾಣುವನ್ನು ಒಂದೊಂದಾಗಿ ತೂಗಲಾಗದು. ಆದ್ದರಿಂದ ಒಂದು ದೊಡ್ಡ ಎಣಿಕೆಯನ್ನು ನಿಗದಿ ಮಾಡಿಕೊಂಡು ಅದಕ್ಕೆ ಮೋಲ್ ಎಂದು ಹೆಸರಿಟ್ಟಿದ್ದಾರೆ. 2019ರಿಂದ ಆ ಎಣಿಕೆ ನಿಖರವಾಗಿ 6.02214076 ಗುಣಿಸು 10ರ ಘಾತ 23. ಅಷ್ಟು ಕಾರ್ಬನ್ ಪರಮಾಣುಗಳು 12 ಗ್ರಾಂ ತೂಗುತ್ತವೆ, ಅಷ್ಟೇ ಹೈಡ್ರೋಜನ್ ಪರಮಾಣುಗಳು 1 ಗ್ರಾಂ, ನೈಟ್ರೋಜನ್ 14, ಆಕ್ಸಿಜನ್ 16.

ಯೂರಿಯಾದ ಲೆಕ್ಕ ಸುಸೂತ್ರವಾಗಿ ಆಯಿತು. ಕಾರ್ಬನ್ ಶೇಕಡಾ 20.0, ಹೈಡ್ರೋಜನ್ 6.7, ನೈಟ್ರೋಜನ್ 46.7, ಆಕ್ಸಿಜನ್ 26.7. ಪ್ರತಿಯೊಂದನ್ನೂ ಅದರ ಪರಮಾಣು ರಾಶಿಯಿಂದ ಭಾಗಿಸಿದಾಗ 1.67, 6.7, 3.34, 1.67 ಬಂತು. ಎಲ್ಲವನ್ನೂ ಅತಿ ಚಿಕ್ಕದಾದ 1.67ರಿಂದ ಭಾಗಿಸಿದಾಗ 1, 4, 2, 1. ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್, ಎರಡು ನೈಟ್ರೋಜನ್, ಒಂದು ಆಕ್ಸಿಜನ್. ಹೈಡ್ರೋಜನ್ನಿಗೆ ನಿಜವಾಗಿ ಬಂದದ್ದು 4.01. "ಹತ್ತಿರದ ಪೂರ್ಣಸಂಖ್ಯೆಗೆ ತನ್ನಿ" ಎಂದೆ. ತಂದರು. ಆ ವಾಕ್ಯವನ್ನು ಹಲಗೆಯ ಮೂಲೆಯಲ್ಲಿ ಚೌಕಟ್ಟು ಹಾಕಿ ಬರೆದೆ. ಆಮೇಲಿನ ತೊಂದರೆಯೆಲ್ಲ ಆ ಚೌಕಟ್ಟಿನಿಂದ ಬಂದದ್ದು.

ಎರಡನೆಯ ಲೆಕ್ಕ ಪಾಠಯೋಜನೆಯಲ್ಲಿ ಬೇರೆ ಇತ್ತು. ಅಂದು ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಅದನ್ನು ಬದಲಾಯಿಸಿದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಕೆ.ಎಂ. ದೊಡ್ಡಿಯ ಮೇಲೆ ಹಾದುಹೋಗುತ್ತದೆ. ಅಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲು. ಬಸ್ಸು ನಿಂತೇ ಇತ್ತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ನಾಲೆಯ ನೀರು ಹರಿದ ಕಡೆಯೆಲ್ಲ ಕಬ್ಬೇ. ಈ ಮಕ್ಕಳಿಗೆ ಸಕ್ಕರೆಯ ಲೆಕ್ಕವನ್ನಲ್ಲದೆ ಇನ್ನೇನು ಕೊಡುವುದು ಎನ್ನಿಸಿತು. ಸಕ್ಕರೆಯ ಸೂತ್ರ ನನಗೆ ಬಾಯಿಪಾಠ: ಸಿ12 ಎಚ್22 ಓ11, ಅಣುರಾಶಿ 342. ಅದರಿಂದ ಶೇಕಡಾವನ್ನು ಬಸ್ಸಿನಲ್ಲೇ ಲೆಕ್ಕ ಹಾಕಿ ಕೈಮೇಲೆ ಬರೆದುಕೊಂಡೆ. ಕಾರ್ಬನ್ 42.1, ಹೈಡ್ರೋಜನ್ 6.4, ಆಕ್ಸಿಜನ್ 51.5. ಶೇಕಡಾದಿಂದ ಸೂತ್ರಕ್ಕೆ ವಾಪಸ್ಸು ಬರುವ ಲೆಕ್ಕವನ್ನು ಮಾಡಿ ನೋಡಲಿಲ್ಲ. ಉತ್ತರ ಗೊತ್ತಿದೆಯಲ್ಲ ಎಂಬ ಧೈರ್ಯ.

ಹೆಸರು ಹೇಳದೆ "ಎಕ್ಸ್ ಎಂಬ ಬಿಳಿ ಪುಡಿ" ಎಂದು ಪ್ರಶ್ನೆ ಕೊಟ್ಟೆ. ಮಕ್ಕಳು ಬರೆಯತೊಡಗಿದರು. ನಾನು ಬೆಂಚುಗಳ ನಡುವೆ ಓಡಾಡುತ್ತಾ ನೋಡಿದೆ. ಮೂರನೆಯ ಬೆಂಚಿನ ಒಬ್ಬ ಹುಡುಗಿ ಪಟ್ಟಿಯನ್ನು ಸರಿಯಾಗಿ ಮಾಡಿದ್ದಳು. 3.51, 6.4, 3.22. ಅತಿ ಚಿಕ್ಕದರಿಂದ ಭಾಗಿಸಿ 1.09, 1.99, 1. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಏನೇನೋ ಗುಣಾಕಾರ. "ಇದೇನಮ್ಮ, ಇಷ್ಟು ಉದ್ದ? ಹಲಗೆ ನೋಡು. ಹತ್ತಿರದ ಪೂರ್ಣಸಂಖ್ಯೆ" ಎಂದು ನನ್ನ ಕೆಂಪು ಪೆನ್ನಿನಿಂದ 1.09ರ ಮೇಲೆ ಗೆರೆ ಎಳೆದು 1 ಎಂದು ಬರೆದೆ. ಅವಳು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ರಬ್ಬರು ತೆಗೆದುಕೊಂಡು ಕೆಳಗಿನ ಗುಣಾಕಾರವನ್ನೆಲ್ಲ ಅಳಿಸಿದಳು. ನಾನು ಮುಂದಿನ ಬೆಂಚಿಗೆ ಹೋದೆ.

ಆಮೇಲೆ ಹಲಗೆಗೆ ಬಂದು ಲೆಕ್ಕ ಮುಗಿಸಲು ಹೊರಟೆ. ಅನುಪಾತ 1:2:1. ಎಂಪಿರಿಕಲ್ ಸೂತ್ರ ಸಿಎಚ್2ಓ. ಅದರ ರಾಶಿ 12, 2, 16 ಸೇರಿ 30. ಅಣುರಾಶಿ 342. 342ನ್ನು 30ರಿಂದ ಭಾಗಿಸಿದರೆ 11.4.

ಪೂರ್ಣಸಂಖ್ಯೆ ಬರಲೇಬೇಕಿತ್ತು. ಬಂದದ್ದು 11.4. ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಕೊನೆಯ ಬೆಂಚಿನಲ್ಲಿ ಮಾರ್ಗದರ್ಶಕಿಯವರು ಬರೆಯುತ್ತಿದ್ದರು. ಗಂಟೆ ಹೊಡೆಯಲು ನಾಲ್ಕು ನಿಮಿಷ. "ಹತ್ತಿರದ ಪೂರ್ಣಸಂಖ್ಯೆ 11" ಎಂದೆ. ಎಲ್ಲವನ್ನೂ 11ರಿಂದ ಗುಣಿಸಿದರೆ ಸಿ11 ಎಚ್22 ಓ11. ನನಗೆ ಬೇಕಾದದ್ದು ಸಿ12. ಎಚ್ ಸರಿ ಇದೆ, ಓ ಸರಿ ಇದೆ, ಕಾರ್ಬನ್ ಒಂದು ಮಾತ್ರ ಕಡಿಮೆ. "ಶೇಕಡಾದಲ್ಲಿ ದಶಾಂಶ ಬಿಟ್ಟಿದ್ದರಿಂದ ಸ್ವಲ್ಪ ವ್ಯತ್ಯಾಸ ಬಂದಿದೆ" ಎಂದು ಹೇಳಿ 11ನ್ನು ಅಳಿಸಿ 12 ಮಾಡಿದೆ. "ಇದೇ ನಮ್ಮ ಸಕ್ಕರೆ!" ಎಂದೆ. ಮಕ್ಕಳು ಖುಷಿಯಿಂದ ಬರೆದುಕೊಂಡರು. ಗಂಟೆ ಹೊಡೆಯಿತು.

ಮಾರ್ಗದರ್ಶಕಿಯವರ ವಿಷಯ ಶೈಕ್ಷಣಿಕ ಮನೋವಿಜ್ಞಾನ. ಅವರು ನೋಡಿದ್ದು ನನ್ನ ಬೋಧನೆಯನ್ನು, ನನ್ನ ಭಾಗಾಕಾರವನ್ನಲ್ಲ. ಷರಾ ಓದಿ ಸಹಿ ಮಾಡಿದೆ. ಹೊಗಳಿಕೆ ಓದುವಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಿತ್ತು.

ಸಂಜೆ ಕೆ.ಎಂ. ದೊಡ್ಡಿಯಲ್ಲಿ ಇಳಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ನನ್ನ ಸೋದರಮಾವನ ಆಲೆಮನೆ. ಮನೆಗೆ ಬೆಲ್ಲ ತರಬೇಕಿತ್ತು. ಹೋದಾಗ ಮಾವ ಸಿಟ್ಟಿನಲ್ಲಿದ್ದರು. ಅಚ್ಚಿಗೆ ಹೊಯ್ದ ಬೆಲ್ಲ ಗಟ್ಟಿಯಾಗದೆ ಮೆತ್ತಗೆ, ಅಂಟಂಟಾಗಿ ಉಳಿದಿತ್ತು. "ಏನ್ ಮಾವ, ಪಾಕದ ಹದ ತಪ್ಪೋಯ್ತಾ?" ಎಂದೆ.

"ಹದ ಎಲ್ ತಪ್ತು? ಕಬ್ಬು ಕಡ್ದು ಐದ್ ದಿಸ ಆಗೋಗದೆ ಕಣವ್ವ. ಆಳು ಸಿಕ್ನಿಲ್ಲ, ಗದ್ದೇಲೇ ಬಿದ್ದಿತ್ತು. ಒಣಗಿದ ಕಬ್ಬಿನ ಹಾಲು ಇನ್ನೆಲ್ ಕಟ್ಟಾದು? ಸುಣ್ಣ ಹಾಕ್ದೆ, ಬೆಂಡೆ ಲೋಳೆ ಹಾಕ್ದೆ. ಊಹೂಂ. ನೀನು ಕೆಮಿಸ್ಟ್ರಿ ಓದಿದ್ದೀಯಲ್ಲ, ಯಾಕೆ ಹಿಂಗಾಯ್ತದೆ ಹೇಳು?"

ಉತ್ತರ ಗೊತ್ತಿತ್ತು. ಕಡಿದ ಕಬ್ಬನ್ನು ಬಿಸಿಲಿನಲ್ಲಿ ಬಿಟ್ಟರೆ ಅದರೊಳಗಿನ ಸುಕ್ರೋಸ್, ಅಂದರೆ ನಾವು ಸಕ್ಕರೆ ಎನ್ನುವುದು, ನೀರಿನ ಜೊತೆ ಸೇರಿ ಎರಡಾಗಿ ಒಡೆಯುತ್ತದೆ: ಒಂದು ಗ್ಲುಕೋಸ್, ಒಂದು ಫ್ರಕ್ಟೋಸ್. ರಸ ಹುಳಿಯಾದಷ್ಟೂ ಬೇಗ ಒಡೆಯುತ್ತದೆ. ಆಲೆಮನೆಯಲ್ಲಿ ಸುಣ್ಣ ಹಾಕುವುದು ಕೊಳೆ ತೆಗೆಯುವುದಕ್ಕಷ್ಟೇ ಅಲ್ಲ, ಹುಳಿಯನ್ನು ತಗ್ಗಿಸುವುದಕ್ಕೂ ಹೌದು. ಆದರೆ ಗದ್ದೆಯಲ್ಲೇ ಒಡೆದುಹೋದದ್ದನ್ನು ಸುಣ್ಣ ವಾಪಸ್ಸು ಕೂಡಿಸುವುದಿಲ್ಲ. ಒಡೆದ ಸಕ್ಕರೆ ಹರಳುಗಟ್ಟುವುದು ಕಷ್ಟ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಬೆಲ್ಲ ಕಟ್ಟುವುದಿಲ್ಲ. ಇದನ್ನೆಲ್ಲ ಮಾವನಿಗೆ ಹೇಳುತ್ತಾ ಬೆಲ್ಲದ ಪೆಟ್ಟಿಗೆಯ ರಟ್ಟಿನ ಮೇಲೆ ಸಮೀಕರಣ ಬರೆದು ತೋರಿಸಿದೆ. ಸಿ12 ಎಚ್22 ಓ11, ಅದಕ್ಕೆ ಒಂದು ನೀರು ಸೇರಿದರೆ, ಎರಡು ಸಿ6 ಎಚ್12 ಓ6. ತೂಕದಲ್ಲಿ 342 ಮತ್ತು 18 ಸೇರಿ 360, ಅಂದರೆ 180ರಂತೆ ಎರಡು.

ಬರೆದ ಮೇಲೆ ಅದನ್ನೇ ನೋಡುತ್ತಾ ನಿಂತೆ. ಸಿ6 ಎಚ್12 ಓ6ರ ಸರಳ ಅನುಪಾತ 1:2:1. ಅದೇ ಸಿಎಚ್2ಓ. ಬೆಳಿಗ್ಗೆ ನಾನು ಹಲಗೆಯ ಮೇಲೆ ಬರೆದದ್ದು ಸಕ್ಕರೆಯ ಅನುಪಾತವಲ್ಲ, ಒಡೆದುಹೋದ ಸಕ್ಕರೆಯದು. ಸುಕ್ರೋಸಿನಲ್ಲಿ 12 ಕಾರ್ಬನ್ನಿಗೆ 11 ಆಕ್ಸಿಜನ್. 12ನ್ನು 11ರಿಂದ ಭಾಗಿಸಿದರೆ 1.09. ಆ 0.09 ನನ್ನ ಲೆಕ್ಕದ ತಪ್ಪಾಗಿರಲಿಲ್ಲ. ಎರಡು ಸಕ್ಕರೆಗಳು ಕೂಡುವಾಗ ಹೊರಗೆ ಹೋದ ಒಂದು ನೀರಿನ ಅಣುವಿನ ಗುರುತು ಅದು. ಅದನ್ನು ನಾನು ಅಳಿಸಿದ್ದೆ, ಆ ಹುಡುಗಿಯ ಪುಸ್ತಕದಲ್ಲೂ ಕೆಂಪು ಪೆನ್ನಿನಿಂದ.

"ಯಾಕವ್ವ, ಸುಮ್ಕಾದೆ?" ಎಂದರು ಮಾವ. ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ, "ಹಂಗೆಲ್ಲ ದಶಾಂಶ ಬಿಡಬಾರ್ದು ಕಣವ್ವ. ಫ್ಯಾಕ್ಟ್ರಿಯೋರು ರಿಕವರಿ ಒಂಬತ್ತೂವರೇನ ಒಂಬತ್ತು ಅಂತ ಬರ್ಕಂಡ್ರೆ ನಾವು ಬುಟ್ಟೇವಾ?" ಎಂದರು.

ಮಾವ ಹೇಳಿದ್ದು ತಮಾಷೆಗಲ್ಲ. ಕಬ್ಬಿನ ಬೆಲೆ ನಿಂತಿರುವುದೇ ದಶಾಂಶದ ಮೇಲೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಲೆ ಕ್ವಿಂಟಾಲಿಗೆ 340 ರೂಪಾಯಿ. ಅದು ಸಕ್ಕರೆ ಇಳುವರಿ ಶೇಕಡಾ 10.25 ಇದ್ದರೆ. ಇಳುವರಿ 0.1 ಏರಿದರೆ ಕ್ವಿಂಟಾಲಿಗೆ 3 ರೂಪಾಯಿ 32 ಪೈಸೆ ಹೆಚ್ಚು. 0.1ಕ್ಕೆ ಬೆಲೆ ಕಟ್ಟುವ ಊರಿನ ಮಕ್ಕಳಿಗೆ 0.09ನ್ನು ಬಿಟ್ಟುಬಿಡಿ ಎಂದು ನಾನು ಕಲಿಸಿ ಬಂದಿದ್ದೆ.

ರಾತ್ರಿ ಮಲಗುವ ಮೊದಲು ಎರಡು ಪ್ರಶ್ನೆ ಎದುರಿಗಿದ್ದವು. ಮೊದಲನೆಯದು ಲೆಕ್ಕದ್ದು. 4.01ನ್ನು 4 ಮಾಡಿದ್ದು ಸರಿ, 1.99ನ್ನು 2 ಮಾಡಿದ್ದೂ ಸರಿ, 1.09ನ್ನು 1 ಮಾಡಿದ್ದು ಮಾತ್ರ ಏಕೆ ತಪ್ಪು? ಗೆರೆ ಎಲ್ಲಿದೆ? ಎರಡನೆಯದು ನನ್ನದು. ಷರಾ ಬಂದಾಗಿದೆ, ಯಾರಿಗೂ ಗೊತ್ತಾಗಿಲ್ಲ, ಅವರ ಉಪನ್ಯಾಸಕರು ವಾಪಸ್ಸು ಬಂದ ಮೇಲೆ ಮತ್ತೆ ಮಾಡಿಸಿಯೇ ಮಾಡಿಸುತ್ತಾರೆ. ನಾಳೆ ಮುಂದಿನ ಲೆಕ್ಕಕ್ಕೆ ಹೋಗಿಬಿಡಬಹುದು. ಆಂತರಿಕ ಅಂಕ ಈ ಹಾಳೆಯ ಮೇಲೆ ನಿಂತಿದೆ. ಮೂರು ವರ್ಷ ಮನೆಪಾಠ ಹೇಳಿ ಶುಲ್ಕ ಕೂಡಿಸಿಕೊಂಡು ಬಿ.ಇಡಿ.ಗೆ ಸೇರಿದವಳು ನಾನು. ಅಂಕ ನನಗೆ ಸಣ್ಣ ವಿಷಯವಲ್ಲ. ಆದರೆ ಕಣ್ಣು ಮುಚ್ಚಿದರೆ ರಬ್ಬರು ಹಿಡಿದ ಆ ಕೈ ಕಾಣುತ್ತಿತ್ತು. ಅವಳು ಅಂದು ಕಲಿತದ್ದು ಒಂದೇ: ತನ್ನ ಲೆಕ್ಕ ಹಲಗೆಗೆ ಹೊಂದದಿದ್ದರೆ ತನ್ನದನ್ನೇ ಅಳಿಸಬೇಕು.

ಮರುದಿನ ಅದೇ ತರಗತಿಯಲ್ಲಿ, "ನಿನ್ನೆಯ ಎರಡನೇ ಲೆಕ್ಕ ನಾನು ತಪ್ಪು ಮಾಡಿದೆ. ಇವತ್ತು ಅದನ್ನು ಮತ್ತೆ ಮಾಡೋಣ" ಎಂದು ಶುರುಮಾಡಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಹುಡುಗ, "ಹನ್ನೊಂದು ಹೆಂಗೆ ಹನ್ನೆರಡಾಯ್ತು ಅಂತ ನಾವೂ ಮಾತಾಡ್ಕೊಂಡ್ವಿ ಮೇಡಂ" ಎಂದ. ಗೊತ್ತಾಗಿತ್ತು ಅವರಿಗೆ. ಕೇಳಿರಲಿಲ್ಲ ಅಷ್ಟೇ.

ಮೂರನೆಯ ಬೆಂಚಿನ ಹುಡುಗಿಯನ್ನು ಹಲಗೆಗೆ ಕರೆದೆ. "ನಿನ್ನೆ ನೀನು ಕೆಳಗೆ ಏನು ಗುಣಿಸ್ತಿದ್ದೆ, ಅದನ್ನು ಇಲ್ಲಿ ಮಾಡು." ಅವಳು ಬರೆದಳು. 1.09ನ್ನು 2ರಿಂದ ಗುಣಿಸಿದರೆ 2.18. 3ರಿಂದ 3.27. 4ರಿಂದ 4.36. ಆರರವರೆಗೆ ಬರೆದು ನಿಂತಳು. "ಅಷ್ಟರಲ್ಲಿ ನೀವು ಬಂದ್ರಿ ಮೇಡಂ" ಎಂದಳು. ಯಾವ ದೂರೂ ಇಲ್ಲದ ದನಿ. "ಈಗ ನಾನು ಬರಲ್ಲ, ಮುಂದಕ್ಕೆ ಹೋಗು" ಎಂದೆ. 7ಕ್ಕೆ 7.63. 8ಕ್ಕೆ 8.72. 9ಕ್ಕೆ 9.81. 10ಕ್ಕೆ 10.90. ಇಲ್ಲಿ ಒಬ್ಬ ಹುಡುಗ "ಸಾಕು, ಹನ್ನೊಂದು!" ಎಂದ. ಒಳ್ಳೆಯದೇ ಆಯಿತು. ಹಾಗಾದರೆ ಸೂತ್ರ ಸಿ11 ಎಚ್20 ಓ10, ಅದರ ರಾಶಿ ಕೂಡಿಸು ಎಂದೆ. 132, 20, 160, ಒಟ್ಟು 312. ಅಣುರಾಶಿ 342. ಹೊಂದಲಿಲ್ಲ. 11ಕ್ಕೆ ಹೋದಾಗ 11.99. ಹೈಡ್ರೋಜನ್ 21.89, ಆಕ್ಸಿಜನ್ 11. ಅಂದರೆ 12, 22, 11. ರಾಶಿ 342. ನಾನು ಹಿಂದಿನ ದಿನ ಬರೆದಿದ್ದ ಸಿ11 ಎಚ್22 ಓ11ರ ರಾಶಿಯನ್ನೂ ಕೂಡಿಸಲು ಹೇಳಿದೆ. 330 ಬಂತು. ಇಷ್ಟು ಚಿಕ್ಕ ತಾಳೆ ನೋಡಿದ್ದರೆ ಅಂದೇ ಸಿಕ್ಕಿಬೀಳುತ್ತಿದ್ದೆ.

ಹಿಂದಿನ ದಿನ ಒಬ್ಬರು ಕೇಳಿದ್ದ ಪ್ರಶ್ನೆಯೂ ಬಾಕಿ ಇತ್ತು. ಸಕ್ಕರೆಯಲ್ಲಿ ಇಷ್ಟು ಶೇಕಡಾ ಕಾರ್ಬನ್ ಇದೆ ಎಂದು ಹೇಗೆ ಗೊತ್ತು? ಪ್ರಯೋಗಾಲಯದಿಂದ ಪ್ರನಾಳ ತಂದು ಸಕ್ಕರೆಯನ್ನು ಬಿಸಿ ಮಾಡಿದೆ. ಬಿಳಿ ಹಳದಿಯಾಯಿತು, ಕಂದಾಯಿತು, ಕೊನೆಗೆ ಕರಿ ಉಳಿಯಿತು. ಪ್ರನಾಳದ ತಣ್ಣಗಿನ ಬಾಯಿಯ ಬಳಿ ನೀರಿನ ಹನಿಗಳು. ಒಣ ಸಕ್ಕರೆಯಿಂದ ನೀರು! ಬಿಳಿಯಾದ ನಿರ್ಜಲ ತಾಮ್ರದ ಸಲ್ಫೇಟಿಗೆ ಆ ಹನಿ ಮುಟ್ಟಿಸಿದರೆ ನೀಲಿ. ಇನ್ನೊಂದು ಪ್ರನಾಳದಲ್ಲಿ ಸಕ್ಕರೆಗೆ ತಾಮ್ರದ ಆಕ್ಸೈಡ್ ಬೆರೆಸಿ ಕಾಯಿಸಿ, ಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟೆ. ಹಾಲಿನಂತಾಯಿತು. ಕಾರ್ಬನ್ ಇದೆ, ಹೈಡ್ರೋಜನ್ ಇದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಎಷ್ಟಿದೆ ಎನ್ನುವುದಕ್ಕೆ ತೂಗಬೇಕು. ವಸ್ತುವನ್ನು ಆಕ್ಸಿಜನ್ನಿನಲ್ಲಿ ಪೂರ್ತಿ ಸುಟ್ಟು, ಬರುವ ನೀರಾವಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಹೀರುವಂತೆ, ಕಾರ್ಬನ್ ಡೈಆಕ್ಸೈಡನ್ನು ಕಾಸ್ಟಿಕ್ ಪೊಟ್ಯಾಷ್ ಹೀರುವಂತೆ ಮಾಡಿ, ಎರಡೂ ಎಷ್ಟು ತೂಕ ಏರಿದವು ಎಂದು ನೋಡುತ್ತಾರೆ. ಐದು ಗಾಜಿನ ಗೋಳಗಳ ಪುಟ್ಟ ಉಪಕರಣದಿಂದ ಈ ಕೆಲಸವನ್ನು ಸುಲಭ ಮಾಡಿಕೊಟ್ಟವನು ಜರ್ಮನಿಯ ಲೀಬಿಗ್, 1831ರಲ್ಲಿ. ಆಕ್ಸಿಜನ್ನನ್ನು ಈ ವಿಧಾನದಲ್ಲಿ ನೇರವಾಗಿ ತೂಗುವುದಿಲ್ಲ. ಉಳಿದದ್ದೇ ಅದು.

ಆ ಉಪಕರಣ ನಮ್ಮಲ್ಲಿಲ್ಲ. ಇದ್ದಿದ್ದರೆ ಏನು ಬರಬೇಕಿತ್ತು ಎಂದು ರಾತ್ರಿ ಲೆಕ್ಕ ಹಾಕಿಕೊಂಡು ಬಂದಿದ್ದೆ. 342 ಮಿಲಿಗ್ರಾಂ ಸಕ್ಕರೆ ಸುಟ್ಟರೆ 528 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್, 198 ಮಿಲಿಗ್ರಾಂ ನೀರು. 528ರಲ್ಲಿ 44ಕ್ಕೆ 12ರ ಪಾಲು ಕಾರ್ಬನ್, 144. 198ರಲ್ಲಿ 18ಕ್ಕೆ 2ರ ಪಾಲು ಹೈಡ್ರೋಜನ್, 22. ಎರಡನ್ನೂ 342ರಿಂದ ಕಳೆದರೆ ಆಕ್ಸಿಜನ್ 176. ಈಗ ಒಂದೊಂದನ್ನೂ ಅದರ ಪರಮಾಣು ರಾಶಿಯಿಂದ ಭಾಗಿಸಿ ಎಂದೆ. 144 ಭಾಗಿಸು 12. 22 ಭಾಗಿಸು 1. 176 ಭಾಗಿಸು 16. ಮಕ್ಕಳು ಒಟ್ಟಿಗೇ ಕೂಗಿದರು: "ಹನ್ನೆರಡು, ಇಪ್ಪತ್ತೆರಡು, ಹನ್ನೊಂದು!" ಹಿಂದಿನ ದಿನ ನಾನು "ಇದೇ ನಮ್ಮ ಸಕ್ಕರೆ" ಎಂದದ್ದಕ್ಕಿಂತ ಅವರು ತಾವೇ ಕಂಡುಕೊಂಡದ್ದಕ್ಕೆ ಬೇರೆಯೇ ಸದ್ದಿತ್ತು.

ಕೊನೆಗೆ ಗೆರೆಯ ಪ್ರಶ್ನೆ. ಎಷ್ಟು ಹತ್ತಿರವಿದ್ದರೆ ಪೂರ್ಣಸಂಖ್ಯೆ ಮಾಡಬಹುದು? ಉತ್ತರ ಹಲಗೆಯಲ್ಲಿಲ್ಲ, ತಕ್ಕಡಿಯಲ್ಲಿದೆ. ಧಾತು ವಿಶ್ಲೇಷಣೆಯಲ್ಲಿ ಸಾಮಾನ್ಯವಾಗಿ ಒಪ್ಪುವ ಅಂತರ, ಶೇಕಡಾ ಅಂಕಿಯಲ್ಲಿ, 0.4ರೊಳಗೆ. ಅನುಪಾತ 1:2:1 ಆಗಬೇಕಾದರೆ ಕಾರ್ಬನ್ 40.0 ಇರಬೇಕು. ನಮಗೆ ಸಿಕ್ಕಿದ್ದು 42.1. ಅಂತರ 2.1, ಒಪ್ಪುವ ಮಿತಿಯ ಐದು ಪಟ್ಟಿಗಿಂತ ಹೆಚ್ಚು. ತೂಗಿದವರ ಕೈತಪ್ಪು ಎನ್ನುವ ಹಾಗಿಲ್ಲ. ಅದೇ 1.99ರಲ್ಲಿ ಇರುವ ಕೊರತೆ 6.4 ಎಂದು ಬರೆದದ್ದರಿಂದ ಬಂದದ್ದು; 6.43 ಎಂದು ಬರೆದಿದ್ದರೆ 2 ಆಗುತ್ತಿತ್ತು. ಒಂದು ಅಂತರ ನಮ್ಮಿಂದ ಬಂದದ್ದು, ಇನ್ನೊಂದು ವಸ್ತುವಿನಿಂದ ಬಂದದ್ದು. ಯಾವುದು ಯಾವುದೆಂದು ಕೇಳದೆ ಪೂರ್ಣಸಂಖ್ಯೆಗೆ ತರಬಾರದು. ಹಲಗೆಯ ಮೂಲೆಯ ಚೌಕಟ್ಟಿನಲ್ಲಿ ಈ ಬಾರಿ ಬರೆದದ್ದು ಇದನ್ನು.

ಮಂಡ್ಯಕ್ಕೆ ಹೋದ ದಿನ ಮಾರ್ಗದರ್ಶಕಿಯವರಿಗೆ ಎಲ್ಲವನ್ನೂ ಹೇಳಿ ದಾಖಲೆ ಪುಸ್ತಕ ಮುಂದಿಟ್ಟೆ. ಷರಾ ಬದಲಿಸಬೇಕಾದರೆ ಬದಲಿಸಿ ಎಂದೆ. ಅವರು ಸ್ವಲ್ಪ ಹೊತ್ತು ಓದಿ, "ನಾನು ಬರೆದದ್ದು ನಾನು ನೋಡಿದ್ದು. ಅದು ಇರಲಿ. ನೀನು ನೋಡಿದ್ದನ್ನು ಪಕ್ಕದಲ್ಲಿ ನೀನೇ ಬರೆ" ಎಂದರು. ಅಂಕದ ಬಗ್ಗೆ ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರೆದೆ: "ಎರಡನೆಯ ಲೆಕ್ಕದಲ್ಲಿ 1.09 ಅನ್ನು 1 ಎಂದು ಮಾಡಿದ್ದು ತಪ್ಪು. ವಿದ್ಯಾರ್ಥಿನಿಯ ಲೆಕ್ಕ ಸರಿ ಇತ್ತು. ಮರುದಿನ ತಿದ್ದಲಾಯಿತು."

ಈ ಪಾಠ ತೆಗೆದುಕೊಳ್ಳುವ ಗೆಳೆಯ ಗೆಳತಿಯರಿಗೆ ನಾಲ್ಕು ಮಾತು. ಪ್ರಶ್ನೆಯನ್ನು ಉತ್ತರದಿಂದ ಹಿಂದಕ್ಕೆ ಕಟ್ಟಿದ್ದರೆ, ಪ್ರಶ್ನೆಯಿಂದ ಉತ್ತರಕ್ಕೆ ಒಮ್ಮೆ ನಡೆದು ನೋಡಿ, ಬಸ್ಸಿನಲ್ಲೇ ಆದರೂ ಸರಿ. 1.5 ಬಂದರೆ 2ರಿಂದ, 1.33 ಅಥವಾ 1.67 ಬಂದರೆ 3ರಿಂದ, 1.25 ಬಂದರೆ 4ರಿಂದ ಗುಣಿಸುವುದನ್ನು ಮೊದಲೇ ಅಭ್ಯಾಸ ಮಾಡಿಸಿ. ಕಬ್ಬಿಣದ ತುಕ್ಕಿನಲ್ಲಿರುವ ಆಕ್ಸೈಡಿನ 2:3 ಅನುಪಾತ ಸಿಗುವುದು 1:1.5ರಿಂದಲೇ. ಅಣುರಾಶಿ ಗೊತ್ತಿದ್ದರೆ ಇನ್ನೊಂದು ನೇರ ದಾರಿಯಿದೆ: 342ರಲ್ಲಿ ಶೇಕಡಾ 42.1 ಅಂದರೆ 144, ಅದನ್ನು 12ರಿಂದ ಭಾಗಿಸಿದರೆ 12 ಕಾರ್ಬನ್. ಪೂರ್ಣಸಂಖ್ಯೆಯ ಗೋಜಲೇ ಇಲ್ಲ. ಹಲಗೆಯ ಮೇಲಿನ ಕೊನೆಯ ಸಾಲು ಯಾವಾಗಲೂ ತಾಳೆ ನೋಡುವ ಸಾಲಾಗಿರಲಿ. ಇನ್ನೊಂದು, ಮಕ್ಕಳ ಪುಸ್ತಕದ ಮೇಲೆ ಕೆಂಪು ಪೆನ್ನು ಇಡುವ ಮೊದಲು "ಇದೇನು ಮಾಡ್ತಿದ್ದೀಯ?" ಎಂದು ಕೇಳಿ, ಉತ್ತರ ಬರುವವರೆಗೆ ನಿಲ್ಲಿ.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿ ತನ್ನ ಪುಸ್ತಕ ತಂದು ತೋರಿಸಿದಳು. ನನ್ನ ಕೆಂಪು ಗೆರೆ ಹಾಗೇ ಇತ್ತು. ಅದರ ಕೆಳಗೆ ಒಂದರಿಂದ ಹನ್ನೊಂದರವರೆಗಿನ ಗುಣಾಕಾರವನ್ನು ಈ ಸಲ ಪೆನ್ನಿನಲ್ಲಿ ಬರೆದಿದ್ದಳು. "ಸಹಿ ಹಾಕಿ ಮೇಡಂ" ಎಂದಳು. ಹಾಕಿದೆ.